ಚರ್ಮದ ವಾಷರು

ಬೋಲ್ಟು ಬಿಚ್ಚಿದವನೇ ಗಫಾರ್ ಅಂಗೈ ಮುಚ್ಚಿಕೊಂಡ. ಒಳಗಿದ್ದದ್ದು ಹಳೆ ಚಪ್ಪಲಿಯಿಂದ ಕತ್ತರಿಸಿದ ಚರ್ಮದ ವಾಷರು. ಮಡ್‌ಗಾರ್ಡು ಗಡಗಡ ಅನ್ನದಿರಲೆಂದು ಪಾಂಡವಪುರದಲ್ಲಿ ಅದನ್ನು ಹಾಕುವವನು ಅವನೊಬ್ಬನೇ. ಗಿರಾಕಿಯ ಕಿತ್ತುಹೋದ ಚಪ್ಪಲಿಯಲ್ಲೇ ಗಿರಾಕಿಯ ಸೈಕಲ್ಲಿಗೆ ವಾಷರು. ಈ ಕೆಂಪು ಹೊಲಿಗೆಯ ಚರ್ಮ ಕ್ಯಾತನಹಳ್ಳಿ ಕೆಂಪಣ್ಣನ ಚಪ್ಪಲಿಯದು.

ಸೈಕಲ್ಲು ತಂದವನು ಕೆಂಪಣ್ಣನಲ್ಲ. ಹೆಸರು ಧರ್ಮೇಂದ್ರ, ಕೆ.ಆರ್. ಪೇಟೆಯವನಂತೆ. ಮಡ್‌ಗಾರ್ಡು ಟೈರಿಗೆ ಉಜ್ಜುತ್ತದೆ, ಸರಿಮಾಡಿ ಎಂದು ಹೇಳಿ ಬೆಂಚಿನ ಮೇಲೆ ಕೂತಿದ್ದ. ಸೈಕಲ್ಲಿಗೆ ಹೊಸ ಕಪ್ಪು ಬಣ್ಣ. ಬೋಲ್ಟಿನಡಿ ಮಾತ್ರ ಹಸಿರು ಉಳಿದಿತ್ತು. ಹಸಿರು ಎದ್ದುಹೋದ ಕಡೆ ಅದರಡಿ ಮತ್ತೆ ಹಳೇ ಕಪ್ಪು.

ಎಂಟು ದಿನದ ಹಿಂದೆ ಕೆಂಪಣ್ಣ ರಿಪೇರಿಗೆ ಬಿಟ್ಟಿದ್ದ ಹಸಿರು ಸೈಕಲ್ಲು, ಗಫಾರ್ ಮಧ್ಯಾಹ್ನದ ನಮಾಜಿಗೆ ಹೋಗಿ ಬರುವಷ್ಟರಲ್ಲಿ ಅಂಗಡಿ ಮುಂದಿನಿಂದ ಮಾಯವಾಗಿತ್ತು. ಸ್ಟೇಷನ್ನಿಗೆ ಹೋಗೋಣ ಬನ್ನಿ ಎಂದು ಗಫಾರನೇ ಕರೆದ. ಕೆಂಪಣ್ಣ ಸುತರಾಂ ಒಪ್ಪಲಿಲ್ಲ. ಟೀ ಅಂಗಡಿ ಮುಂದೆ ನಿಂತು, ಗಫಾರನೇ ಮಾರಿಕೊಂಡಿದ್ದಾನೆ ಎಂದು ಸಾರಿದ. ಮೂವತ್ತು ವರ್ಷದಲ್ಲಿ ಗಳಿಸಿದ ಹೆಸರು ಒಂದೇ ದಿನದಲ್ಲಿ ಮಣ್ಣುಪಾಲಾಯಿತು. ಗಿರಾಕಿಗಳು ಎದುರಂಗಡಿಗೆ ಹೋಗತೊಡಗಿದರು.

ಈಗ ಕಳ್ಳ ತಾನಾಗಿಯೇ ಬಂದಿದ್ದ. ಗಫಾರ್ ನಟ್ಟು ತರುವ ನೆಪದಲ್ಲಿ ಒಳಗೆ ಹೋಗಿ ಕೆಂಪಣ್ಣನಿಗೆ ಫೋನು ಮಾಡಿದ. ಅವನು ಬರುವತನಕ ಇವನನ್ನು ಹಿಡಿದಿಡಬೇಕಿತ್ತು.

ಮಡ್‌ಗಾರ್ಡು ಕೂರಿಸುವುದು ಅವಸರದ ಕೆಲಸವಲ್ಲ, ಅದೇ ಪುಣ್ಯ. ಟೈರಿಗೂ ತಗಡಿಗೂ ನಡುವೆ ಉದ್ದಕ್ಕೂ ಕಿರುಬೆರಳಿನಷ್ಟು ಸಂದು ಒಂದೇ ಸಮ ಇರಬೇಕು. ತಗಡನ್ನು ಹಿಡಿದಿಡುವ ಎರಡೂ ಬದಿಯ ಕಡ್ಡಿ ಒಂದೇ ಅಳತೆಗೆ ನಿಲ್ಲಬೇಕು. ಬೋಲ್ಟುಗಳನ್ನು ಅರೆಬಿಗಿ ಮಾಡಿ, ಚಕ್ರ ತಿರುಗಿಸಿ ನೋಡಿ, ಆಮೇಲೆ ಪೂರಾ ಬಿಗಿ. ಗಫಾರ್ ಬಿಗಿದ, ಬಿಚ್ಚಿದ, ಮತ್ತೆ ಬಿಗಿದ. ತಗಡು ಬಗ್ಗಿದ ರೀತಿಯೇ ವಿಚಿತ್ರ: ಸೈಕಲ್ಲು ಬಿದ್ದ ಗುರುತಿಲ್ಲ, ಒಂದು ಗೀರಿಲ್ಲ.

“ನಿಧಾನ್ವಾಗೇ ಮಾಡಿ ಸಾಬ್ರೆ,” ಅಂದ ಧರ್ಮೇಂದ್ರ, ರಸ್ತೆಯ ಮೇಲೆ ಕಣ್ಣಿಟ್ಟು. “ನಂಗೇನೂ ಅವಸ್ರ ಇಲ್ಲ.”

ಕುಂಬಳಕಾಯಿ ಕಳ್ಳ ಇಷ್ಟು ಹೊತ್ತಿಗೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಿತ್ತು. ಇವನದು ಎಂಥ ಗುಂಡಿಗೆ ಅಂದುಕೊಂಡ ಗಫಾರ್. ಬಿಗಿದ ಬೋಲ್ಟನ್ನೇ ಇನ್ನೊಮ್ಮೆ ಬಿಚ್ಚಿದ.

ಕೆಂಪಣ್ಣ ಆಟೋದಿಂದ ಇಳಿದವನೇ ಸೀಟಿನ ಮೇಲೆ ಕೈ ಹಾಕಿದ. ಟೀ ಅಂಗಡಿಯಲ್ಲಿದ್ದವರೆಲ್ಲ ಎದ್ದು ಬಂದರು. ಗಫಾರ್ ವಾಷರನ್ನು ಎಲ್ಲರಿಗೂ ತೋರಿಸಿದ.

“ನಂದೇ ಕಣ್ರಲಾ ಇದು,” ಅಂದ ಕೆಂಪಣ್ಣ. “ಮೂರು ವರ್ಸದಿಂದ ನಾನೇ ತುಳೀತಿವ್ನಿ.”

ಧರ್ಮೇಂದ್ರ ಓಡಲಿಲ್ಲ. ಜೇಬಿನಿಂದ ಸೈಕಲ್ಲು ಕೊಂಡಾಗಿನ ಮಾಸಿದ ರಸೀದಿಯೊಂದನ್ನು ತೆಗೆದು ಗಫಾರನ ಕೈಗಿತ್ತು, ಸೀಟಿನಡಿ ಕೊರೆದ ನಂಬರನ್ನು ಇದಕ್ಕೆ ಹೋಲಿಸಿ ನೋಡಿ ಅಂದ. ಎರಡೂ ಒಂದೇ. ಕೆಂಪಣ್ಣನ ಕೈ ಸೀಟಿನಿಂದ ಜಾರಿತು.

“ಕೆ.ಆರ್. ಪೇಟೆಲಿ ಮೂರು ವರ್ಷದಿಂದೆ ಕಳ್ದೋಗಿದ್ದ ನನ್ನ ಸೈಕಲ್ಲ ಓದ್ವಾರ ನಿಮ್ಮಂಗ್ಡಿ ಮುಂದಿಂದ ತಗೊಂಡೋದೋನು ನಾನೇ, ಸಾಬ್ರೆ, ನೀವಾಕಿದ ಈ ವಾಷರು ಕಂಡ್ರೆ ಕದ್ದೋನ್ನ ನೀವೇ ಕರುಸ್ತೀರಿ ಅಂತ ಮಡ್‌ಗಾರ್ಡು ಬಗ್ಗಿಸ್ಕೊಂಡು ಬಂದೆ.”