ಅಣ್ಣ ಸರಿ ಮಾಡಿದ ಕಂಪ್ಯೂಟರ್

ಗುಂಡಿ ಒತ್ತಿದರೂ ಕಂಪ್ಯೂಟರ್ ಮಾತಾಡಲಿಲ್ಲ. ಆಶ್ರಿತಾ ಹೆಡ್‌ಫೋನಿನ ವಯರು ತಡವಿ ನೋಡಿದಳು, ಸರಿಯಾಗಿಯೇ ಇತ್ತು. ಮತ್ತೊಮ್ಮೆ ಒತ್ತಿದಳು. ಅವಳ ಕಣ್ಣು ಹೋಗಿ ಎಷ್ಟೋ ವರ್ಷವಾಗಿತ್ತು. ಅಂದಿನಿಂದ ಈ ಪೆಟ್ಟಿಗೆ ಅವಳಿಗೆ ಉತ್ತರ ಕೊಡದೆ ಕೂತದ್ದು ಇದೇ ಮೊದಲು. ಬೆರಳಿಗೆ ಗುರುತು ಸಿಗಲೆಂದು ಕೀಗಳ ಮೇಲೆ ಅಂಟಿಸಿಕೊಂಡಿದ್ದ ಬಿಂದಿಗಳೂ ಕೈಗೆ ಸಿಗಲಿಲ್ಲ. ಯಾರೋ ಕಿತ್ತು, ಒರೆಸಿ, ನುಣುಪು ಮಾಡಿಟ್ಟಿದ್ದರು.

ಯಾರೋ ಏನು, ಅಣ್ಣನೇ. ಮಸ್ಕತ್ತಿನಿಂದ ರಜೆಗೆಂದು ಕಾಪುವಿನ ಮನೆಗೆ ಬಂದ ರೋಹಿತ್, ಬಂದ ದಿನದಿಂದ ಒಂದೊಂದೇ ವಸ್ತುವನ್ನು ಸರಿ ಮಾಡುತ್ತಲೇ ಇದ್ದ. ಉಪ್ಪಿನ ಭರಣಿ ಮೇಲಿನ ಶೆಲ್ಫಿಗೆ ಏರಿತ್ತು. ಚಾವಡಿಯ ಕುರ್ಚಿ ಜಾಗ ಬದಲಿಸಿತ್ತು. ಅದಕ್ಕೆ ಎಡವಿ ಅವಳ ಹೆಬ್ಬೆರಳು ಕಪ್ಪುಗಟ್ಟಿತ್ತು. ರಜೆ ಮುಗಿಯುವವರೆಗೆ ತಾನೇ ಎಂದು ಅವಳು ಹಲ್ಲು ಕಚ್ಚಿಕೊಂಡಿದ್ದಳು.

ಕರೆದದ್ದೇ ತಡ, ರೋಹಿತ್ ಖುಷಿಯಿಂದ ಓಡಿ ಬಂದ. ಅಂದು ಆಶ್ರಿತಾಳೂ ಅಮ್ಮನೂ ಕಡಿಯಾಳಿಯ ಚಿಕ್ಕಮ್ಮನ ಮನೆಯ ಪೂಜೆಗೆ ಹೋಗಿದ್ದಾಗ ಏನೋ ಪ್ರಿಂಟ್ ತೆಗೆಯಲೆಂದು ಕಂಪ್ಯೂಟರ್ ಹಾಕಿದ್ದನಂತೆ. ಸ್ಕ್ರೀನ್ ಪೂರ್ತಿ ಕಪ್ಪು. ಹೆಡ್‌ಫೋನ್ ಕಿತ್ತು ನೋಡಿದರೆ ಒಳಗಿನಿಂದ ಮಿಕ್ಸಿಯಲ್ಲಿ ಕಲ್ಲು ಹಾಕಿ ತಿರುಗಿಸಿದ ಹಾಗೆ ಗರಗರ ಸದ್ದು. ವೈರಸ್ಸೇ ಸೈ ಎಂದು ತೀರ್ಮಾನಿಸಿ, ಮಧ್ಯಾಹ್ನವಿಡೀ ಕೂತು ಎಲ್ಲವನ್ನೂ ಅಳಿಸಿದ್ದ.

“ಫ್ಯಾಕ್ಟರಿ ಸೆಟ್ಟಿಂಗಿಗೆ ಹಾಕಿದೆ ಮಾರಾಯ್ತಿ. ಈಗ ಅಂಗಡಿಯಿಂದ ತಂದ ಹಾಗೆ ಉಂಟು.”

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದವರನ್ನು ಊರು ಕಂಡಿದೆ. ಈ ಪುಣ್ಯಾತ್ಮ, ಮಾಡಿ ಮುಗಿಸಿದ ಗಣಪತಿಯನ್ನೇ ಕಲಸಿ ಮಣ್ಣಿನ ಮುದ್ದೆ ಮಾಡಿದ್ದ. ಸ್ಕ್ರೀನನ್ನು ಕಪ್ಪು ಮಾಡಿಟ್ಟವಳು ಆಶ್ರಿತಾಳೇ. ಅವಳಿಗೆ ಬೆಳಕು ಯಾಕೆ ಬೇಕು? ಆ ಗರಗರ ಸದ್ದು, ಸ್ಕ್ರೀನಿನ ಮೇಲಿದ್ದುದನ್ನು ಅವಳಿಗೆ ಓದಿ ಹೇಳುವ ಧ್ವನಿ. ಕಿವಿ ಪಳಗಿದಂತೆಲ್ಲ ಅದರ ವೇಗ ಹೆಚ್ಚಿಸುತ್ತ ಬಂದು, ಈಗ ಅದು ಅವಳೊಬ್ಬಳಿಗೆ ಮಾತ್ರ ಮಾತಾಗಿ ಕೇಳುತ್ತಿತ್ತು. ಮಣಿಪಾಲದ ಒಂದು ಕಂಪನಿಗಾಗಿ, ಡಾಕ್ಟರರು ರೆಕಾರ್ಡ್ ಮಾಡಿ ಕಳಿಸಿದ್ದನ್ನು ಕೇಳಿ ಟೈಪ್ ಮಾಡಿ ಕೊಡುವುದು ಅವಳ ಕೆಲಸ. ಬಾಯಿ ತಿರುಗದ ಮದ್ದಿನ ಹೆಸರುಗಳನ್ನು ಒಂದೊಂದಾಗಿ ಆ ಧ್ವನಿಗೆ ಕಲಿಸಿದ್ದಳು. ಮೂರಕ್ಷರ ಒತ್ತಿದರೆ ಇಡೀ ವಾಕ್ಯ ಮೂಡುವ ಹಾಗೆ ನೂರಾರು ಗುರುತು ಮಾಡಿಕೊಂಡಿದ್ದಳು. ‘ನೋಡೋಣ’ ಎಂದು ಅರೆಮನಸ್ಸಿನಿಂದ ಕೆಲಸ ಕೊಟ್ಟ ಕಂಪನಿಯಲ್ಲಿ ಈಗ ಅವಳಷ್ಟು ಬೇಗ ಮುಗಿಸುವವರು ಇರಲಿಲ್ಲ. ನಾಳೆ ಬೆಳಿಗ್ಗೆ ಕೆಲಸ ಬರುತ್ತದೆ. ನಾಳೆ ಅವಳು ಮತ್ತೆ ತಡವರಿಸುವ ಹೊಸಬಿ. ಎಲ್ಲದರ ಇನ್ನೊಂದು ಪ್ರತಿಯನ್ನು ಅದೇ ಕಂಪ್ಯೂಟರಿನ ಬೇರೊಂದು ಮೂಲೆಯಲ್ಲಿ ಇಟ್ಟಿದ್ದಳು. ಅಣ್ಣ ಮೂಲೆಯನ್ನೂ ಗುಡಿಸಿದ್ದ.

ಅವಳಿಗೆ ಅಳು ಬರಲಿಲ್ಲ. ಅಂಗಾಲಿನಿಂದ ನೆತ್ತಿಯವರೆಗೆ ಸಿಟ್ಟು ಬಂತು.

“ನನ್ನತ್ರ ಒಂದು ಮಾತು ಕೇಳಬಹುದಿತ್ತಲ್ಲ?”

“ನಿನ್ನತ್ರ ಎಂತ ಕೇಳುವುದು? ಸ್ಕ್ರೀನ್ ಕಪ್ಪಾದರೆ ನಿನಗೆ ಗೊತ್ತಾಗ್ತದಾ?” ಎಂದ ರೋಹಿತ್. ಅವನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಅಮ್ಮ ಅಡುಗೆಮನೆಯಿಂದ ಬಂದು ಎಂದಿನ ಹಾಗೆ ನಡುವೆ ನಿಂತಳು. ಪಾಪ, ಅವನು ಊಟ ಕೂಡ ಸರಿಯಾಗಿ ಮಾಡದೆ ಕೂತಿದ್ದಾನೆ, ಒಳ್ಳೆಯದಕ್ಕೇ ಮಾಡಿದ್ದು, ಹೋದದ್ದನ್ನು ನಿಧಾನಕ್ಕೆ ಮತ್ತೆ ಮಾಡಿಕೊಂಡರಾಯಿತು ಎಂದಳು. ಆ ಮನೆಯಲ್ಲಿ ‘ಪಾಪ’ ಎಂಬ ಮಾತು ಯಾವಾಗಲೂ ವಿಮಾನದಲ್ಲಿ ಬಂದವನ ಪಾಲಿಗೇ ಬೀಳುತ್ತಿತ್ತು.

“ಒಳ್ಳೆಯದಕ್ಕೆ ಅಂತ ಇನ್ನೊಮ್ಮೆ ಹೇಳಬೇಡ ಅಮ್ಮ,” ಎಂದಳು ಆಶ್ರಿತಾ. “ಈ ಮನೆಯಲ್ಲಿ ನಾನು ಎಡವಿ ಬಿದ್ದದ್ದೆಲ್ಲ ಒಳ್ಳೆಯದಕ್ಕೆ ಅಂತ ಇಟ್ಟ ವಸ್ತುಗಳಿಗೇ.”

ಆಶ್ರಿತಾ ಹೆಡ್‌ಫೋನ್ ಕಿತ್ತಿಟ್ಟು, ಮೂರು ಕೀಗಳನ್ನು ತಡವಿ ಹುಡುಕಿ ಒಟ್ಟಿಗೆ ಒತ್ತಿದಳು. ಕಂಪ್ಯೂಟರಿನ ಜೊತೆಗೇ ಬಂದಿರುವ ಇಂಗ್ಲಿಷ್ ಧ್ವನಿಯೊಂದು ಎದ್ದು, ಮಗುವಿಗೆ ಪಾಠ ಹೇಳುವ ಹಾಗೆ ನಿಧಾನವಾಗಿ ಮಾತಾಡಿತು. ಮೊದಲು ‘ರೋಹಿತ್’ ಎಂದು ಹೆಸರು ಹೇಳಿತು, ಆಮೇಲೆ ಪಾಸ್‌ವರ್ಡ್ ಕೇಳಿತು.

“ನಿನ್ನ ಹೆಸರು ಯಾಕೆ ಇದರಲ್ಲಿ?”

ಯಾರು ಬಳಸುವುದು ಎಂದು ಅದು ಕೇಳಿತು, ಒಂದು ಹೆಸರು ಹಾಕಬೇಕಲ್ಲ, ಹಾಕಿದೆ ಎಂದ ರೋಹಿತ್. ಮನೆಯದ್ದೇ ಅಲ್ವಾ ಎಂದೂ ಸೇರಿಸಿದ. ಅವಳು ಪಾಸ್‌ವರ್ಡ್ ಕೇಳಿದಳು, ಅವನು ಹೇಳಿದ. ಅವಳ ಬೆರಳುಗಳು ಒಂದಾದ ಮೇಲೊಂದು ಕೀ ಹುಡುಕುತ್ತ ಹೋದವು. ಆ ಧ್ವನಿ ಪ್ರತಿಯೊಂದು ಸಾಲನ್ನೂ ಓದಿ ಹೇಳುತ್ತಿತ್ತು. ‘ಎಲ್ಲವನ್ನೂ ಅಳಿಸು’ ಎಂಬಲ್ಲಿಗೆ ಬಂದಾಗ, ಅವನ ಹೆಸರಿನ ಸಮೇತ ಎಲ್ಲವನ್ನೂ ಅಳಿಸಿ ಅವಳು ಮೊದಲಿನಿಂದ ಶುರು ಮಾಡಲು ಹೊರಟಿದ್ದಾಳೆಂದು ರೋಹಿತನಿಗೆ ತಿಳಿಯಿತು. ಇದೆಂತ ಹುಚ್ಚು, ಹೆಸರು ಮಾತ್ರ ಬದಲಿಸಿದರೆ ಸಾಕು, ಕೊಡು ನಾನೇ ಮಾಡಿಕೊಡುತ್ತೇನೆ ಎಂದು ಕೈ ಮುಂದೆ ತಂದ.

ಆಶ್ರಿತಾ ಎಡಗೈಯಿಂದ ಅವನ ಕೈಯನ್ನು ಪಕ್ಕಕ್ಕೆ ಸರಿಸಿದಳು. ಬಲಗೈ ಬೆರಳು ಕೊನೆಯ ಕೀಯ ಮೇಲೆಯೇ ಇತ್ತು. ಆದರೆ ಒತ್ತಲಿಲ್ಲ.

“ಇದರಲ್ಲಿ ನಿನ್ನದು ಎಂತಾದರೂ ಉಂಟಾ ಅಣ್ಣ? ಇದ್ದರೆ ಈಗಲೇ ತೆಗೆದಿಟ್ಟುಕೋ,” ಎಂದಳು. “ನಾನು ಕೇಳಿಯೇ ಅಳಿಸುವವಳು.”