ಎರಡನೇ ಲೇನ್

ಎಲ್ಲರಿಗಿಂತ ಮೊದಲು ಈಜುಕೊಳದ ಗೋಡೆ ಮುಟ್ಟಿ ತಲೆಯೆತ್ತಿದ ಅಂಬಿಕಾಳಿಗೆ ಕಂಡದ್ದು, ಟವೆಲ್ ಹಿಡಿದು ಐದನೇ ಲೇನಿನ ಕಡೆ ಓಡುತ್ತಿದ್ದ ಅವ್ವ.

‘ನನ್ನದು ಎರಡನೇ ಲೇನ್’ ಎಂದು ಹೇಳಿದ್ದೇನೋ ನಿಜ. ಆದರೆ ಅವ್ವ ಶರಣಮ್ಮ ಕಲ್ಯಾಣ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಲೋಕಲ್ ರೈಲಿನ ಲೇಡೀಸ್ ಡಬ್ಬಾ ಎಣಿಸುವ ಹಾಗೆ ಎಡಗಡೆಯಿಂದ ಎಣಿಸಿದ್ದಳು. ಈಜುಕೊಳದ ಲೆಕ್ಕ ಬಲಗಡೆಯಿಂದ ಎಂದು ಅವಳಿಗೆ ಯಾರು ಹೇಳಬೇಕು? ಸಿಂದಗಿಯಿಂದ ಬಂದ ಈ ಎಂಟು ವರ್ಷಗಳಲ್ಲಿ ಮಗಳ ಸ್ಪರ್ಧೆ ನೋಡಲು ರಜೆ ಸಿಕ್ಕಿದ್ದು ಇದೇ ಮೊದಲು.

“ಭಾಳ ಛಲೋ ಈಸಿದಿ ನನ್ನವ್ವಾ, ತಲಿ ವರಸ್ಕೊ,” ಎನ್ನುತ್ತ ಅವಳು ಐದನೇ ಲೇನಿನಿಂದ ಮೇಲೆ ಹತ್ತಿ ಬಂದ ಹುಡುಗಿಯ ತಲೆ ಒರೆಸತೊಡಗಿದಳು. ಸೋತು ಅಳುತ್ತಿದ್ದ ಆ ಹುಡುಗಿ ತಲೆ ಒರೆಸಿಸಿಕೊಂಡ ಮೇಲೆ, ಕಾಕೂ, ನಿಮ್ಮ ಮಗಳು ನಾನಲ್ಲ ಎಂದು ಮರಾಠಿಯಲ್ಲಿ ಹೇಳಿದಳು.

ಶರಣಮ್ಮ ಗಾಬರಿಯಿಂದ ನೀರಿನತ್ತ ತಿರುಗಿದಳು. ಉಳಿದ ಐವರಿಗೂ ಸಂಘಟಕರು ಕೊಟ್ಟ ಅದೇ ನೀಲಿ ಟೋಪಿ, ಅಂಥದೇ ಕಪ್ಪು ಗಾಗಲ್. ಅವಳ ನೋಟ ಅಂಬಿಕಾಳ ಮೇಲೆ ಹಾದು ಪಕ್ಕದವಳತ್ತ ಹೋಯಿತು. ಅಂಬಿಕಾ ಕೂಗಬಹುದಿತ್ತು, ಆದರೆ ಅವ್ವ ತಾನೇ ಗುರುತಿಸಲಿ ಎನಿಸಿತು. ಅವ್ವ ಎಂಐಡಿಸಿಯ ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ಶಹಾಡಿನ ಖೋಲಿಗೆ ಬರುವಾಗ ಇವಳು ಮಲಗಿರುತ್ತಾಳೆ. ಇವಳು ಈಜಿನ ಅಭ್ಯಾಸಕ್ಕೆಂದು ನಸುಕಿನಲ್ಲೆದ್ದು ಠಾಣೆ ಊರಿನ ಲೋಕಲ್ ರೈಲು ಹಿಡಿಯುವಾಗ ಅವ್ವ ಮಲಗಿರುತ್ತಾಳೆ.

ಅಂಬಿಕಾ ಟೋಪಿ, ಗಾಗಲ್ ಕಿತ್ತು ದಂಡೆಗೆ ಎಸೆದಳು. ನೀರಿನ ಮೇಲೆ ಅಂಗಾತ ಮಲಗಿ, ಖೋಲಿಯಲ್ಲಿ ನಿದ್ದೆಹೋದ ಹಾಗೆ ಕಣ್ಣು ಮುಚ್ಚಿದಳು.

ಕಿವಿಯಲ್ಲಿ ನೀರು ತುಂಬಿದ್ದರೂ ಅವ್ವನ ದನಿ ಕೇಳಿಸಿತು: “ಅಂಬೀ!”