ಅರ್ಧಕ್ಕೆ ನಿಂತ ಆಟ

"ಯಂತ್ರ ತಗೊಂಡ್ಹೋಗಿ ಡಾಕ್ಟ್ರೇ, ಬೇಡ ಅನ್ನಲ್ಲ. ಆದ್ರೆ ಅದರ ಮೇಲಿರೋ ಅಂಕಿ ಮಾತ್ರ ಅಳಿಸಬಾರದು," ಎಂದರು ಸಲೂನಿನಮ್ಮ, ಬಾಗಿಲಿಗೆ ಅಡ್ಡ ನಿಂತೇ.

ಹಲ್ಲಿನ ಡಾಕ್ಟರು ಹೊಸ್ತಿಲಲ್ಲೇ ನಿಂತು ಒಳಗೆ ಇಣುಕಿದರು. ಮುಚ್ಚಿದ ಸಲೂನಿನ ಮೂಲೆಯಲ್ಲಿ, ಎರಡು ತಿರುಗುವ ಕುರ್ಚಿಗಳ ಆಚೆ, ಅವರು ವರ್ಷಗಟ್ಟಲೆ ಹುಡುಕಿದ ಪಿನ್‌ಬಾಲ್ ಯಂತ್ರ ನಿಂತಿತ್ತು. ಇಳಿಜಾರಾದ ಗಾಜಿನ ಪೆಟ್ಟಿಗೆ, ಒಳಗೆ ಉಕ್ಕಿನ ಚೆಂಡು, ಚೆಂಡು ಬಡಿದರೆ ಬಾರಿಸಲು ನಿಜವಾದ ಗಂಟೆ, ಅಂಕ ತೋರಿಸಲು ಅಂಕಿ ಬರೆದ ಗಾಲಿಗಳು. ಕಂಪ್ಯೂಟರಿನ ಗಾಳಿಯೂ ಸೋಕದ ಕಾಲದ್ದು. ಇಂಥವು ಅವರ ಮನೆಯಲ್ಲಿ ಆಗಲೇ ನಾಲ್ಕಿದ್ದವು. ಐದನೆಯದಕ್ಕೆ ಜಾಗ ಮಾಡಲು ಬೆಳಿಗ್ಗೆಯಷ್ಟೇ ಊಟದ ಮೇಜನ್ನು ತಂಗಿಯ ಮನೆಗೆ ಸಾಗಿಸಿದ್ದರು. ಹೆಂಡತಿ ನೋಡಿಯೂ ಒಂದು ಮಾತೂ ಆಡಿರಲಿಲ್ಲ, ಅದೊಂದೇ ಸ್ವಲ್ಪ ಭಯ.

"ಅಮ್ಮಾ, ಆಟ ಶುರು ಮಾಡೋ ಬಟನ್ ಒತ್ತಿದ ತಕ್ಷಣ ಗಾಲಿ ಎಲ್ಲಾ ಸೊನ್ನೆಗೆ ಬರುತ್ತೆ. ಅದು ಇದರ ಹುಟ್ಟುಗುಣ."

"ಹಾಗಾದ್ರೆ ಒತ್ತಬೇಡಿ."

"ಒತ್ತದೇ ಆಡೋದು ಹೇಗೆ?"

"ಆಡಬೇಡಿ. ಇಟ್ಕೊಳ್ಳಿ."

ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬುದು ಡಾಕ್ಟರಿಗೆ ವೃತ್ತಿಯಿಂದ ಗೊತ್ತಿದ್ದ ಸಂಗತಿ. ಈಗ ಸ್ವಂತ ಅನುಭವಕ್ಕೂ ಬಂತು.

ಗಾಲಿಗಳ ಮೇಲೆ ಮೂರು ಸಾವಿರದ ಒಂಬೈನೂರ ಅರವತ್ತು ಎಂದಿತ್ತು. ಅಮ್ಮನ ಯಜಮಾನರು ಗಿರಾಕಿ ಇಲ್ಲದಾಗಲೆಲ್ಲ ಈ ಯಂತ್ರಕ್ಕೆ ಅಂಟಿಕೊಂಡಿರುತ್ತಿದ್ದರಂತೆ. "ಆವತ್ತೂ ಆಡ್ತಾ ಇದ್ರು. ಯಾರೋ ಬಂದು ಕುರ್ಚೀಲಿ ಕೂತ್ರು, ಇವರು ಆಟ ಬಿಟ್ಟು ಬಂದು ಕತ್ತರಿ ಹಿಡಿದ್ರು. ಅರ್ಧ ತಲೆ ಆಗಿತ್ತು. ಎದೆ ಹಿಡ್ಕೊಂಡು ಪಕ್ಕದ ಕುರ್ಚೀಲಿ ಕೂತೋರು ಏಳಲೇ ಇಲ್ಲ. ಆಮೇಲೆ ನಾನೇ ಯಂತ್ರದ ಪ್ಲಗ್ ಕಿತ್ತೆ. ಮತ್ತೆ ಹಾಕಿಲ್ಲ."

"ಆ ಗಿರಾಕಿ?"

"ಪಾಪ, ಮಣ್ಣಿಗೆ ಬಂದಿದ್ರು. ಟೋಪಿ ಹಾಕ್ಕೊಂಡು."

ಡಾಕ್ಟರು ನೆಲ ನೋಡಿದರು. ಮಾತು ಬದಲಿಸಲೆಂದು, "ಒಳಗೆ ಒಂದ್ಸಲ ನೋಡ್ಲಾ? ಏನೂ ಮುಟ್ಟಲ್ಲ," ಎಂದು ಹಿಂದಿನ ಹಲಗೆ ಬಿಚ್ಚಿ, ಜೇಬಿನಿಂದ ರೋಗಿಗಳ ಬಾಯಿಗೆ ಹಿಡಿಯುವ ಪುಟ್ಟ ಕನ್ನಡಿ ತೆಗೆದು ಒಳಗೆ ತೂರಿಸಿದರು. ಅಭ್ಯಾಸಬಲದಿಂದ "ಆ ಅನ್ನಿ" ಎಂಬ ಮಾತೂ ಹೊರಬಿತ್ತು. ಅಮ್ಮ ಯಂತ್ರದ ಕಡೆ ನೋಡಿದರು.

ಒಳಗೆ ಧೂಳು ಹಿಡಿದ ಹಲ್ಲುಚಕ್ರಗಳು ಸಾಲಾಗಿದ್ದವು. ಚೆಂಡುಗಳ ಲೆಕ್ಕ ಇಡುವ ಚಕ್ರದ ಮೇಲೆ ಕನ್ನಡಿ ಬಂದಾಗ ಡಾಕ್ಟರ ಕೈ ನಿಂತಿತು.

"ಅಮ್ಮಾ, ಈ ಆಟ ಮುಗಿದೇ ಇಲ್ಲ. ಒಂದು ಆಟಕ್ಕೆ ಐದು ಬಾಲ್. ನಾಲ್ಕು ಆಗಿದೆ, ಇನ್ನೊಂದು ಬಾಕಿ ಇದೆ. ಕರೆಂಟ್ ಹೋದ್ರೂ ಇದಕ್ಕೆ ಮರೆವು ಬರಲ್ಲ, ಚಕ್ರ ನಿಂತಲ್ಲೇ ನಿಂತಿರುತ್ತೆ. ಈಗ ಪ್ಲಗ್ ಹಾಕಿದ್ರೆ ಅಲ್ಲಿಂದಲೇ ಮುಂದಕ್ಕೆ. ಸೊನ್ನೆ ಆಗಲ್ಲ."

ಅಮ್ಮ ಬಗ್ಗಿ ಆ ಪುಟ್ಟ ಕನ್ನಡಿಯೊಳಗೆ ನೋಡಿದರು. ಡಾಕ್ಟರಿಗೆ ತಡೆಯಲಾಗಲಿಲ್ಲ. "ಆ ಒಂದು ಬಾಲ್ ನಾನು ಆಡಿ ಮುಗಿಸಿಕೊಡ್ಲಾ?"

"ಅವರ ಬಾಲ್ ನೀವ್ಯಾಕೆ ಆಡ್ತೀರಿ?"

ಅಮ್ಮ ಒಳಗೆ ಹೋಗಿ ಕೈ ತೊಳೆದು ಬಂದರು. ಡಾಕ್ಟರು ಧೂಳು ಊದಿ, ಒಂದೆರಡು ಕಡೆ ಉಜ್ಜಿ, ಪ್ಲಗ್ ಹಾಕಿದರು. ದೀಪಗಳು ಹತ್ತಿದವು. ಚೆಂಡು ತಾನಾಗಿ ಬಂದು ಸ್ಪ್ರಿಂಗಿನ ಮುಂದೆ ನಿಂತಿತು. ಇಷ್ಟು ವರ್ಷ ಒಳಮನೆಯಿಂದ ಸದ್ದು ಕೇಳಿ ಬೈದದ್ದು ಬಿಟ್ಟರೆ ಅಮ್ಮ ಇದನ್ನು ಮುಟ್ಟಿದವರಲ್ಲ. ಅಡುಗೆಮನೆಯ ಡ್ರಾಯರ್ ಎಳೆದ ಹಾಗೆ ಮೆಲ್ಲಗೆ ಹಿಡಿ ಎಳೆದು ಬಿಟ್ಟರು. ಚೆಂಡು ಅರ್ಧ ಹತ್ತಿ ವಾಪಸು ಬಂತು. ಡಾಕ್ಟರು ತಮ್ಮ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. ಹೊರಗಿದ್ದರೆ ಅವು ಸುಮ್ಮನಿರುತ್ತವೆ ಎಂಬ ನಂಬಿಕೆ ಅವರಿಗಿರಲಿಲ್ಲ.

"ಜೋರಾಗಿ ಎಳೀರಿ ಅಮ್ಮಾ."

ಈ ಸಲ ಚೆಂಡು ತುದಿ ಮುಟ್ಟಿ, ಅಲ್ಲಿಂದ ಉರುಳಿ ಗಂಟೆಗೆ ಬಡಿಯಿತು. ಆ ಸದ್ದು ಕೇಳಿದ್ದೇ ಅಮ್ಮ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ಮತ್ತೆ ಬಡಿಯಿತು, ಮತ್ತೆ, ಬಡಿದಾಗೆಲ್ಲ ಗಾಲಿಯಲ್ಲಿ ಹತ್ತು ಅಂಕ ಏರಿತು. "ಪಕ್ಕದ ಬಟನ್ ಒತ್ತೀಮ್ಮ, ಬಾಲ್ ಮೇಲಕ್ಕೆ ಹೊಡೀರಿ, ಬಟನ್!" ಎಂದು ಡಾಕ್ಟರು ಕೂಗಿದರೂ ಕೈ ಬಾಯಿಂದ ಇಳಿಯಲಿಲ್ಲ. ನಾಲ್ಕನೆಯ ಸಲ ಗಂಟೆ ಬಾರಿಸಿದಾಗ ಯಂತ್ರದೊಳಗೆ ಸುತ್ತಿಗೆ ಬಿದ್ದಂತೆ ಠಕ್ಕೆಂದಿತು. ಚೆಂಡು ನೆಟ್ಟಗೆ ನಡುವಿನ ಸಂದಿಯಲ್ಲಿ ಇಳಿದುಹೋಯಿತು.

"ಒಡೆದುಹೋಯ್ತಾ ಡಾಕ್ಟ್ರೇ?"

"ಇಲ್ಲಮ್ಮ. ನಾಲ್ಕು ಸಾವಿರ ಮುಟ್ಟಿದ್ರೆ ಇನ್ನೊಂದು ಆಟ ಪುಕ್ಕಟೆ. ಅದನ್ನ ಹೇಳೋಕೆ ಬಡೀತು."

"ಅಂದ್ರೆ, ಅವರು ಗೆದ್ರು."

"ಗೆದ್ರು."

ಅಮ್ಮ ಅಲ್ಲೇ ನಿಂತು ಗಟ್ಟಿಯಾಗಿ ಅತ್ತರು. ಹೊರಗೆ ಯಂತ್ರ ಒಯ್ಯಲು ಬಂದಿದ್ದ ಗಾಡಿಯವನು ಹಾರ್ನ್ ಬಾರಿಸಿದ.

"ಆ ಪುಕ್ಕಟೆ ಆಟಕ್ಕೆ ಏನು ಮಾಡಬೇಕು?" ಅಮ್ಮ ಮೂಗೊರೆಸಿಕೊಂಡು ಕೇಳಿದರು.

"ಆ ಕೆಂಪು ಬಟನ್ ಒತ್ತಬೇಕು. ಆದ್ರೆ ಒತ್ತಿದ್ರೆ ಅವರ ಅಂಕಿ ಹೋಗುತ್ತಮ್ಮ. ಬೇಡ, ಹೀಗೇ ಇರಲಿ. ನಾನೂ ಮುಟ್ಟಲ್ಲ, ಸುಮ್ಮನೆ ಇಟ್ಕೋತೀನಿ." ಹೇಳಿದ ಮೇಲೆ ಡಾಕ್ಟರಿಗೇ ಆಶ್ಚರ್ಯವಾಯಿತು. ಆದರೆ ಆ ಕ್ಷಣಕ್ಕೆ ಅದು ನಿಜವಾಗಿತ್ತು.

"ಪುಕ್ಕಟೆ ಸಿಕ್ಕಿದ್ದನ್ನ ಬಿಡೋ ಜನ ಅಲ್ಲ ನಮ್ಮನೆಯವರು," ಎಂದು ಅಮ್ಮ ಕೆಂಪು ಬಟನ್ ಒತ್ತಿದರು. ಗಾಲಿಗಳು ಗರಗರ ತಿರುಗಿ ಒಂದೊಂದಾಗಿ ಸೊನ್ನೆಗೆ ಬಂದು ನಿಂತವು. ಅಮ್ಮ ಸ್ಪ್ರಿಂಗಿನ ಹಿಡಿಗೆ ಕೈ ಹಾಕಿ, ತಲೆ ಎತ್ತದೆ ಹೇಳಿದರು: "ಗಾಡಿಯವನಿಗೆ ಹೋಗೋಕೆ ಹೇಳಿ ಡಾಕ್ಟ್ರೇ. ಇನ್ನೂ ಐದು ಬಾಲ್ ಇದೆ."